ಕಡ ತಂದ ಬೂಟು, 13 ಗೋಲು: ಜುಸ್ಟ್ ಫಾಂಟೇನ್ ಎಂಬ ಸ್ಟ್ರೈಕರ್

1958ರ ಬೇಸಿಗೆ, ಸ್ವೀಡನ್. ಫುಟ್‌ಬಾಲ್ ವಿಶ್ವಕಪ್‌ಗೆ ಬಂದಿದ್ದ ಫ್ರಾನ್ಸ್ ತಂಡದ ಅಭ್ಯಾಸದ ವೇಳೆ ಒಬ್ಬ ಫಾರ್ವರ್ಡ್‌ನ ಬೂಟು ಕಿತ್ತುಹೋಯಿತು. ಅವರ ಹತ್ತಿರ ಇದ್ದದ್ದೇ ಎರಡು ಜೊತೆ. ಸ್ಪಾನ್ಸರ್ ಇಲ್ಲ, ಫೋನ್ ಮಾಡಿದರೆ ಮರುದಿನ ಬಂದು ಬೀಳುವ ಪಾರ್ಸೆಲ್ ಇಲ್ಲ. ಅಂಗಡಿಗೆ ಹೋಗಿ ಹೊಸದು ಕೊಂಡರೂ ಪ್ರಯೋಜನ ಅಷ್ಟಕ್ಕಷ್ಟೇ. ಆ ಕಾಲದ ಬೂಟು ಅಂದರೆ ದಪ್ಪ ಚರ್ಮ. ಹೊಸದರಲ್ಲಿ ಕಾಲು ಕಚ್ಚುತ್ತದೆ, ಹಿಮ್ಮಡಿಯಲ್ಲಿ ಬೊಕ್ಕೆ ಏಳುತ್ತದೆ, ಪಾದಕ್ಕೆ ಹೊಂದಿಕೊಳ್ಳುವ ಹೊತ್ತಿಗೆ ವಿಶ್ವಕಪ್ಪೇ ಮುಗಿದಿರುತ್ತದೆ.

ತಂಡದಲ್ಲಿ ಸ್ಟೆಫಾನ್ ಬ್ರುಯೆ ಅಂತ ಒಬ್ಬ ಮೀಸಲು ಆಟಗಾರ ಇದ್ದರು. ಪುಣ್ಯಕ್ಕೆ ಅವರ ಕಾಲಿನ ಅಳತೆಯೂ ಅದೇ. ಅವರ ಬೂಟು ಕೇಳಿ ಪಡೆದು, ಹಾಕಿಕೊಂಡು, ಮೈದಾನಕ್ಕೆ ಇಳಿದವರು ಜುಸ್ಟ್ ಫಾಂಟೇನ್. 6 ಪಂದ್ಯಗಳಲ್ಲಿ 13 ಗೋಲು ಹೊಡೆದರು. ಟೂರ್ನಿ ಮುಗಿದ ಮೇಲೆ ಬೂಟು ವಾಪಸ್ ಕೊಟ್ಟರು.

ಒಂದೇ ವಿಶ್ವಕಪ್‌ನಲ್ಲಿ ಒಬ್ಬನೇ ಅಷ್ಟು ಗೋಲು ಹೊಡೆದ ಇನ್ನೊಂದು ಉದಾಹರಣೆ ಅದಕ್ಕೂ ಮೊದಲು ಇರಲಿಲ್ಲ. 2022ರ ಕತಾರ್ ವಿಶ್ವಕಪ್ ಮುಗಿಯುವವರೆಗೂ ಮತ್ತೆ ಆಗಲಿಲ್ಲ.

(ಹೆಸರಿನ ಬಗ್ಗೆ ಒಂದು ಮಾತು. ನಮ್ಮಲ್ಲಿ ಇಂಗ್ಲಿಷ್ ಓದಿ ‘ಜಸ್ಟ್’ ಅನ್ನುವವರೇ ಜಾಸ್ತಿ. ಫ್ರೆಂಚರ ಬಾಯಲ್ಲಿ ಅದು ಹೆಚ್ಚುಕಡಿಮೆ ‘ಜುಸ್ಟ್’. ಗೆಳೆಯರು ಕರೆಯುತ್ತಿದ್ದದ್ದು ‘ಜುಸ್ತೋ’ ಅಂತ.)

13 ಅಂದರೆ ಎಷ್ಟು?

ಸಂಖ್ಯೆಯನ್ನು ಸುಮ್ನೆ ನೋಡಿದರೆ ಅದರ ತೂಕ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಬೇರೆಯವರದ್ದು ಇಟ್ಟು ನೋಡಬೇಕು. ಬ್ರೆಜಿಲ್‌ನ ರೊನಾಲ್ಡೊ 2002ರಲ್ಲಿ 8 ಗೋಲು ಹೊಡೆದು ಕಪ್ ಗೆಲ್ಲಿಸಿದರು. 2022ರಲ್ಲಿ ಫ್ರಾನ್ಸಿನ ಎಂಬಪ್ಪೆ ಫೈನಲ್‌ನಲ್ಲೇ ಮೂರು ಹೊಡೆದರೂ ಒಟ್ಟು 8ಕ್ಕೆ ನಿಂತರು. 1970ರಲ್ಲಿ ಜರ್ಮನಿಯ ಗೆರ್ಡ್ ಮುಲ್ಲರ್ 10 ಹೊಡೆದರು. ಅವರ ನಂತರ 2022ರವರೆಗೆ ಯಾರೂ ಎರಡಂಕಿ ಮುಟ್ಟಲಿಲ್ಲ. ಮೆಸ್ಸಿ 2022ರವರೆಗೆ ಐದು ವಿಶ್ವಕಪ್ ಆಡಿದ್ದರು. 26 ಪಂದ್ಯ, 13 ಗೋಲು. ಮೆಸ್ಸಿಗೆ 16 ವರ್ಷ ಹಿಡಿದ ಲೆಕ್ಕವನ್ನು ಫಾಂಟೇನ್ 21 ದಿನದಲ್ಲಿ ಮುಗಿಸಿದ್ದರು.

ಇಲ್ಲಿ ಫುಟ್‌ಬಾಲ್ ಬಲ್ಲವರು ತಕ್ಷಣ ತಕರಾರು ತೆಗೆಯುತ್ತಾರೆ. ‘ಆ ಕಾಲದಲ್ಲಿ ಡಿಫೆನ್ಸ್ ಎಲ್ಲಿತ್ತು? ಗೋಲು ಬೀಳೋದೇ ಸುಲಭ ಇತ್ತು ಬಿಡಿ’ ಅಂತ. ಅರ್ಧ ನಿಜ. 1958ರ ವಿಶ್ವಕಪ್‌ನಲ್ಲಿ 35 ಪಂದ್ಯಕ್ಕೆ 126 ಗೋಲು ಬಂದಿದ್ದವು. ಅಂದರೆ ಪಂದ್ಯಕ್ಕೆ 3.6. ಕತಾರ್‌ನಲ್ಲಿ 64 ಪಂದ್ಯಕ್ಕೆ 172, ಸರಾಸರಿ 2.7ರ ಆಸುಪಾಸು. ವ್ಯತ್ಯಾಸ ಇದೆ, ಆದರೆ ಆಕಾಶ ಭೂಮಿಯ ವ್ಯತ್ಯಾಸ ಅಲ್ಲ. ಅದೇ 1958ರಲ್ಲಿ, ಅದೇ ಮೈದಾನಗಳಲ್ಲಿ ಎರಡನೇ ಸ್ಥಾನದಲ್ಲಿದ್ದವರು ಎಷ್ಟು ಹೊಡೆದರು? ಪೆಲೆ 6, ಜರ್ಮನಿಯ ಹೆಲ್ಮುಟ್ ರಾನ್ 6. ಫಾಂಟೇನ್ ಅದರ ಎರಡರಷ್ಟಕ್ಕಿಂತ ಒಂದು ಜಾಸ್ತಿ.

ನಿಯಮಗಳೂ ಎಲ್ಲ ಸ್ಟ್ರೈಕರ್ ಪರ ಇರಲಿಲ್ಲ. ಪಾಸ್ ಹೊರಡುವಾಗ ಎದುರಾಳಿ ಡಿಫೆಂಡರ್‌ಗಳನ್ನು ದಾಟಿ ಗೋಲಿನ ಹತ್ತಿರ ನಿಂತಿದ್ದರೆ ಅದು ಆಫ್‌ಸೈಡ್ ಎಂಬ ತಪ್ಪು. ಈಗ ಕೊನೆಯ ಡಿಫೆಂಡರ್‌ನ ಸರಿಸಮಕ್ಕೆ ನಿಂತರೆ ಆಫ್‌ಸೈಡ್ ಅಲ್ಲ. ಆಗ ಅದೂ ಆಫ್‌ಸೈಡೇ. 1990ರಲ್ಲಷ್ಟೇ ಆ ನಿಯಮ ಸಡಿಲವಾಯಿತು. ಅಂದರೆ ಫಾಂಟೇನ್ ಓಟ ಶುರು ಮಾಡಬೇಕಾದದ್ದು ಡಿಫೆಂಡರ್‌ಗಿಂತ ಒಂದು ಹೆಜ್ಜೆ ಹಿಂದಿನಿಂದ. ಇನ್ನೊಂದು ವಿಷಯ: ತನ್ನ ತಂಡದವರೇ ಹಿಂದಕ್ಕೆ ಪಾಸ್ ಮಾಡಿದ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿದುಕೊಂಡು ಆರಾಮಾಗಿ ಕಾಲ ಕಳೆಯಬಹುದಿತ್ತು. ಅದು ನಿಂತದ್ದು 1992ರಲ್ಲಿ.

ಕಾಲದ ಮಾತು ಬಂದಾಗ ಒಂದು ನ್ಯಾಯದ ಮಾತನ್ನೂ ಹೇಳಬೇಕು. ಹಂಗೆರಿಯ ಶಾಂದೋರ್ ಕೋಚಿಶ್ 1954ರಲ್ಲಿ 5 ಪಂದ್ಯಕ್ಕೆ 11 ಹೊಡೆದಿದ್ದರು. ಪಂದ್ಯಕ್ಕೆ ಎಷ್ಟು ಅಂತ ಭಾಗಿಸಿದರೆ ಕೋಚಿಶ್ ಕೂದಲೆಳೆಯಷ್ಟು ಮುಂದೆಯೇ ಇದ್ದಾರೆ. ಆದರೆ ಆ ವಿಶ್ವಕಪ್‌ನಲ್ಲಿ ಪಂದ್ಯಕ್ಕೆ ಐದಕ್ಕಿಂತ ಹೆಚ್ಚು ಗೋಲು ಬೀಳುತ್ತಿದ್ದವು. ಎಲ್ಲರ ಹೊಲದಲ್ಲೂ ಬೆಳೆ ಬಂದ ವರ್ಷ ಅದು.

ಮರ್ರಾಕೇಶ್‌ನ ಹುಡುಗ

ಫಾಂಟೇನ್ ಹುಟ್ಟಿದ್ದು ಫ್ರಾನ್ಸ್‌ನಲ್ಲಿ ಅಲ್ಲ, ಮೊರಾಕೊದ ಮರ್ರಾಕೇಶ್‌ನಲ್ಲಿ. 1933ರ ಆಗಸ್ಟ್ 18. ಆಗ ಮೊರಾಕೊ ಫ್ರೆಂಚರ ಹಿಡಿತದಲ್ಲಿತ್ತು. ಅಪ್ಪ ಫ್ರಾನ್ಸಿನ ನಾರ್ಮಂಡಿಯವರು, ಅಮ್ಮ ಸ್ಪೇನ್ ಮೂಲದವರು. ಆಟ ಶುರುವಾದದ್ದು ಕಾಸಾಬ್ಲಾಂಕಾದ ಕ್ಲಬ್‌ನಲ್ಲಿ. 1953ರಲ್ಲಿ ಫ್ರಾನ್ಸಿನ ನೀಸ್ ಕ್ಲಬ್ ಅವರನ್ನು ಕರೆಸಿಕೊಂಡಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಲಕ್ಸೆಂಬರ್ಗ್ ವಿರುದ್ಧ ದೇಶದ ತಂಡಕ್ಕೆ ಮೊದಲ ಪಂದ್ಯ. ಹ್ಯಾಟ್ರಿಕ್ ಹೊಡೆದರು. ಅಷ್ಟು ಮಾಡಿದವನಿಗೆ ಮರುದಿನವೇ ಖಾಯಂ ಜಾಗ ಸಿಗಬೇಕಿತ್ತು, ಅಲ್ವಾ? ಸಿಗಲಿಲ್ಲ. ಅಲ್ಲಿಂದ ಸ್ವೀಡನ್ ವಿಶ್ವಕಪ್‌ವರೆಗೆ, ನಾಲ್ಕೂವರೆ ವರ್ಷದಲ್ಲಿ, ಫ್ರಾನ್ಸ್ ಪರ ಆಡಿದ್ದು ಬೆರಳೆಣಿಕೆಯ ಪಂದ್ಯ.

ಕ್ಲಬ್ ಮಟ್ಟದಲ್ಲಿ ಮಾತ್ರ ತಡೆ ಇರಲಿಲ್ಲ. ನೀಸ್ ಪರ 1954ರಲ್ಲಿ ಫ್ರೆಂಚ್ ಕಪ್, 1956ರಲ್ಲಿ ಲೀಗ್ ಗೆದ್ದರು. ಆ ವರ್ಷ ರೆಮ್ಸ್ ಎಂಬ ಊರಿನ ಕ್ಲಬ್‌ನಲ್ಲಿ ಒಂದು ದೊಡ್ಡ ಜಾಗ ಖಾಲಿಯಾಯಿತು. ಅಲ್ಲಿನ ತಾರೆ ರೇಮೊಂಡ್ ಕೋಪಾ ಅವರನ್ನು ರಿಯಲ್ ಮ್ಯಾಡ್ರಿಡ್ ಕೊಂಡುಕೊಂಡಿತ್ತು. ಆ ಜಾಗ ತುಂಬಲು ರೆಮ್ಸ್ ಕರೆದದ್ದು ಫಾಂಟೇನ್‌ರನ್ನು.

ಈ ಕೋಪಾ ಹೆಸರು ನೆನಪಿಟ್ಟುಕೊಳ್ಳಿ. ಇವರಿಲ್ಲದೆ 13 ಇಲ್ಲ.

ರೆಮ್ಸ್ ಶಾಂಪೇನ್ ತಯಾರಾಗುವ ಸೀಮೆ. ಆ ಕ್ಲಬ್ ಆಡುತ್ತಿದ್ದ ಚುರುಕಾದ, ಸಣ್ಣ ಸಣ್ಣ ಪಾಸ್‌ಗಳ ಆಟಕ್ಕೂ ಜನ ‘ಶಾಂಪೇನ್ ಫುಟ್‌ಬಾಲ್’ ಅಂತಲೇ ಹೆಸರಿಟ್ಟಿದ್ದರು. ಕೋಚ್ ಆಲ್ಬೇರ್ ಬಾತ್ತೊ. ದೇಶದ ತಂಡಕ್ಕೂ ಕೋಚ್ ಅವರೇ. 1957-58ರ ಲೀಗ್‌ನಲ್ಲಿ ಫಾಂಟೇನ್ 26 ಪಂದ್ಯಕ್ಕೆ 34 ಗೋಲು ಹೊಡೆದರು. ರೆಮ್ಸ್ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದಿತು.

ಕಾಗೆ ಕೂತಿತು, ಕೊಂಬೆ ಮುರಿಯಿತು

ಇಷ್ಟೆಲ್ಲ ಇದ್ದರೂ ವಿಶ್ವಕಪ್‌ನಲ್ಲಿ ಫಾಂಟೇನ್ ಮೊದಲ ಆಯ್ಕೆ ಆಗಿರಲಿಲ್ಲ. ಒಂದರ ಹಿಂದೆ ಒಂದು ನಡೆದದ್ದನ್ನು ನೋಡಿ.

1957ರ ಡಿಸೆಂಬರ್‌ನಲ್ಲಿ ಮಂಡಿಯ ಆಪರೇಷನ್ ಆಗಿ ಚಳಿಗಾಲದ ಒಂದಷ್ಟು ವಾರ ಮನೆಯಲ್ಲಿ ಕೂತಿದ್ದರು. ಆಗ ಬೇಜಾರಾಗಿರಬೇಕು. ಆದರೆ ಜೂನ್‌ನಲ್ಲಿ ಬೇರೆಯವರು ಇಡೀ ಋತು ಆಡಿ ಸುಸ್ತಾಗಿದ್ದಾಗ ಇವರ ಕಾಲು ತಾಜಾ ಇತ್ತು.

1958ರ ಏಪ್ರಿಲ್‌ನಲ್ಲಿ ಫ್ರಾನ್ಸ್‌ನಲ್ಲಿ ಆಡುತ್ತಿದ್ದ ಅಲ್ಜೀರಿಯಾದ ಕೆಲವು ಆಟಗಾರರು ಗುಟ್ಟಾಗಿ ದೇಶ ಬಿಟ್ಟು ಹೋದರು. ಅಲ್ಜೀರಿಯಾದ ಸ್ವಾತಂತ್ರ್ಯ ಹೋರಾಟ ನಡೆಯುತ್ತಿತ್ತು. ಹೋರಾಟಗಾರರ ಪರವಾಗಿ ಆಡುವ ತಂಡ ಕಟ್ಟಲು ಅವರು ಹೊರಟಿದ್ದರು. ಹಾಗೆ ಹೋದವರಲ್ಲಿ ಡಿಫೆಂಡರ್ ಮುಸ್ತಫಾ ಝಿತೂನಿ ಮತ್ತು ಫಾರ್ವರ್ಡ್ ರಶೀದ್ ಮೆಖ್ಲೂಫಿ ಇದ್ದರು. ಇಬ್ಬರೂ ಫ್ರಾನ್ಸ್ ತಂಡದ ಲೆಕ್ಕದಲ್ಲಿ ಇದ್ದವರೇ. ವಿಶ್ವಕಪ್ ಆಡುವ ಅವಕಾಶವನ್ನೇ ಬಿಟ್ಟು ಹೋದರು. ಅದು ಇನ್ನೊಂದು ದೊಡ್ಡ ಕಥೆ, ಇಲ್ಲಿ ಹಿಡಿಸುವುದಿಲ್ಲ.

ಆಮೇಲೆ ರೆಮ್ಸ್‌ನ ಇನ್ನೊಬ್ಬ ಫಾರ್ವರ್ಡ್ ರೆನೆ ಬ್ಲಿಯಾರ್ ವಿಶ್ವಕಪ್‌ಗೆ ಸ್ವಲ್ಪ ಮುಂಚೆ ಗಾಯ ಮಾಡಿಕೊಂಡರು. ಫಾಂಟೇನ್‌ಗೆ ದಾರಿ ತೆರೆಯಿತು.

ಕೋಪಾ ಮ್ಯಾಡ್ರಿಡ್‌ನಿಂದ ಬಂದು ಸೇರಿಕೊಂಡರು. ಅದಕ್ಕೂ ಕೆಲವೇ ದಿನಗಳ ಹಿಂದೆ, ಮೇ 28ರಂದು, ಅವರು ರಿಯಲ್ ಪರ ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಯುರೋಪಿಯನ್ ಕಪ್‌ನ ಫೈನಲ್ ಆಡಿ ಗೆದ್ದಿದ್ದರು. ಒಬ್ಬರ ಜಾಗ ತುಂಬಲು ಇನ್ನೊಬ್ಬರು ಬಂದದ್ದಲ್ಲವೇ? ಹಾಗಾಗಿ ಅಲ್ಲಿಯವರೆಗೆ ಕ್ಲಬ್‌ನಲ್ಲಿ ಇಬ್ಬರೂ ಒಟ್ಟಿಗೆ ಆಡಿದ್ದೇ ಇರಲಿಲ್ಲ. ಸ್ವೀಡನ್‌ನಲ್ಲಿ ಇಬ್ಬರಿಗೂ ಒಂದೇ ರೂಮು. ಜೋಡಿ ಕುದುರಿದ್ದು ಹಾಗೆ.

ಜೋಡೆತ್ತು

ಆ ಜೋಡಿ ಹೇಗೆ ಕೆಲಸ ಮಾಡುತ್ತಿತ್ತು ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. 13ರ ಗುಟ್ಟು ಇರುವುದು ಅಲ್ಲೇ.

ಆಗಿನ ಡಿಫೆನ್ಸ್‌ಗೆ ಒಂದು ಸರಳ ಪಾಠ ಇತ್ತು: ನಿನಗೆ ಒಪ್ಪಿಸಿದ ಆಟಗಾರನನ್ನು ನೆರಳಿನ ಹಾಗೆ ಹಿಂಬಾಲಿಸು. ಜಾಗ ಕಾಯುವುದಲ್ಲ, ಆಳನ್ನು ಕಾಯುವುದು. ಕೋಪಾ ಇದನ್ನು ಚೆನ್ನಾಗಿ ಬಳಸಿಕೊಂಡರು. ಅವರು ಎದುರಾಳಿ ಗೋಲಿನ ಹತ್ತಿರ ನಿಲ್ಲುತ್ತಲೇ ಇರಲಿಲ್ಲ. ಹಿಂದೆ, ಮಧ್ಯ ಮೈದಾನದ ಕಡೆ ಬಂದು ಚೆಂಡು ತೆಗೆದುಕೊಳ್ಳುತ್ತಿದ್ದರು. ಗಿಡ್ಡ ಆಸಾಮಿ, ಚೆಂಡು ಕಾಲಿಗೆ ಅಂಟಿಕೊಂಡ ಹಾಗೆ ಓಡುವವರು.

ಈಗ ಡಿಫೆಂಡರ್ ಅಡಕತ್ತರಿಯಲ್ಲಿ ಸಿಕ್ಕಿದ. ಕೋಪಾ ಹಿಂದೆ ಹೋದರೆ ಬೆನ್ನ ಹಿಂದೆ ಬಯಲು ಬೀಳುತ್ತದೆ. ಹೋಗದಿದ್ದರೆ ಕೋಪಾ ಒಬ್ಬನೇ ನಿಂತು, ತಲೆ ಎತ್ತಿ ನೋಡಿ, ಬೇಕಾದ ಕಡೆ ಪಾಸ್ ಕೊಡುತ್ತಾರೆ. ಹೆಚ್ಚಿನವರು ಹಿಂದೆ ಹೋದರು. ಒಬ್ಬ ಹೋದ, ಕೋಪಾ ಅವನನ್ನು ದಾಟಿದರು. ಇನ್ನೊಬ್ಬ ಅಡ್ಡ ಬಂದ. ಆ ಇನ್ನೊಬ್ಬ ಬಿಟ್ಟು ಬಂದ ಜಾಗಕ್ಕೆ ಫಾಂಟೇನ್ ನುಗ್ಗಿದರು.

ಫಾಂಟೇನ್ ಅಂಥ ಎತ್ತರದವರಲ್ಲ. 5 ಅಡಿ 8 ಅಂಗುಲದ ಆಸುಪಾಸು. ಆದರೆ ಮೊದಲ ಹತ್ತು ಹೆಜ್ಜೆಯಲ್ಲಿ ಅವರ ವೇಗ ಬೇರೆ. ಎರಡೂ ಕಾಲಲ್ಲಿ ಹೊಡೆಯುತ್ತಿದ್ದರು, ತಲೆಯಲ್ಲೂ ಹೊಡೆಯುತ್ತಿದ್ದರು. ಚೆಂಡು ಸಿಕ್ಕಿದ ಮೇಲೆ ಅಲಂಕಾರ ಮಾಡುತ್ತಿರಲಿಲ್ಲ. ನಾಲ್ಕು ಜನರನ್ನು ದಾಟಿ ಹೊಡೆಯುವ ಗೋಲು ನೋಡಲು ಚಂದ. ಆದರೆ ಸ್ಟ್ರೈಕರ್‌ನ ಕಸುಬು ಚೆಂಡು ಬರುವ ಮೊದಲೇ ಅರ್ಧ ಮುಗಿದಿರುತ್ತದೆ. ಎಲ್ಲಿ ನಿಲ್ಲಬೇಕು, ಯಾವಾಗ ಓಡಬೇಕು ಅನ್ನುವುದರಲ್ಲಿ. ನನ್ನ ಲೆಕ್ಕದಲ್ಲಿ ಫಾಂಟೇನ್‌ರ ನಿಜವಾದ ಕಲೆ ಅದು. ಕೋಪಾ ಕಾಲಿನಿಂದ ಪಾಸ್ ಹೊರಡುವ ಗಳಿಗೆಯನ್ನು ಮೊದಲೇ ಊಹಿಸಬಲ್ಲವನಿಗೆ ಮಾತ್ರ ಆ ಕಟ್ಟುನಿಟ್ಟಿನ ಆಫ್‌ಸೈಡ್ ತಪ್ಪಿಸಲು ಆಗುತ್ತಿತ್ತು.

ಎಡಗಡೆ ರೋಜೆ ಪಿಯಾಂತೊನಿ, ಜಾಂ ವಿನ್ಸೆಂಟ್, ಬಲಗಡೆ ವಿಸ್ನೀವ್‌ಸ್ಕಿ. ಕೋಪಾ ಮತ್ತು ವಿಸ್ನೀವ್‌ಸ್ಕಿ ಇಬ್ಬರೂ ಫ್ರಾನ್ಸಿನ ಉತ್ತರದ ಕಲ್ಲಿದ್ದಲು ಗಣಿಗೆ ಪೋಲೆಂಡ್‌ನಿಂದ ವಲಸೆ ಬಂದ ಕುಟುಂಬಗಳ ಮಕ್ಕಳು. ಮರ್ರಾಕೇಶ್‌ನವರು ಒಬ್ಬರು, ಗಣಿ ಊರಿನವರು ಇಬ್ಬರು. ಫ್ರಾನ್ಸ್ ತಂಡ ಅಂದರೆ ಅಂದಿನಿಂದಲೂ ಹೀಗೆಯೇ.

ಆರು ಪಂದ್ಯ

ಮೊದಲ ಪಂದ್ಯ ಜೂನ್ 8, ಪರಾಗ್ವೆ ವಿರುದ್ಧ. ಒಂದು ಹಂತದಲ್ಲಿ ಫ್ರಾನ್ಸ್ 2-3 ಹಿಂದೆ ಇತ್ತು. ಆಮೇಲೆ ಒಂದರ ಹಿಂದೆ ಒಂದು ಐದು ಗೋಲು. 7-3. ಫಾಂಟೇನ್ 3. ಯುಗೊಸ್ಲಾವಿಯಾ ಎದುರು 2-3 ಸೋಲು, ಎರಡೂ ಫಾಂಟೇನ್‌ದೇ. ಸ್ಕಾಟ್ಲೆಂಡ್ ಎದುರು 2-1, ಒಂದು. ಕ್ವಾರ್ಟರ್ ಫೈನಲ್‌ನಲ್ಲಿ ಉತ್ತರ ಐರ್ಲೆಂಡ್ ವಿರುದ್ಧ 4-0, ಎರಡು.

ಸೆಮಿಫೈನಲ್ ಜೂನ್ 24ರಂದು ಬ್ರೆಜಿಲ್ ವಿರುದ್ಧ. ಎರಡನೇ ನಿಮಿಷಕ್ಕೆ ವಾವಾ ಗೋಲು. ಒಂಬತ್ತನೇ ನಿಮಿಷಕ್ಕೆ ಫಾಂಟೇನ್ ಉತ್ತರ. ಆ ಟೂರ್ನಿಯಲ್ಲಿ ಬ್ರೆಜಿಲ್ ಬಿಟ್ಟುಕೊಟ್ಟ ಮೊಟ್ಟಮೊದಲ ಗೋಲು ಅದು. 1-1. ಪಂದ್ಯ ಸಮಬಲದಲ್ಲಿ ಸಾಗುತ್ತಿತ್ತು. ಆಗ ವಾವಾ ಜೊತೆ ಡಿಕ್ಕಿಯಾಗಿ ಫ್ರಾನ್ಸಿನ ಕ್ಯಾಪ್ಟನ್, ಡಿಫೆಂಡರ್ ರೊಬೇರ್ ಜೊಂಕೆ ಕಾಲು ಮುರಿದುಕೊಂಡರು.

ಈಗಾದರೆ ಬದಲಿ ಆಟಗಾರ ಬರುತ್ತಾನೆ. ವಿಶ್ವಕಪ್‌ನಲ್ಲಿ ಬದಲಿ ಆಟಗಾರರಿಗೆ ಅವಕಾಶ ಸಿಕ್ಕಿದ್ದು 1970ರಲ್ಲಿ. ಜೊಂಕೆ ಕುಂಟುತ್ತಾ ಮೈದಾನದ ಅಂಚಿನಲ್ಲಿ ನಿಂತರು. ಲೆಕ್ಕಕ್ಕೆ ಹನ್ನೊಂದು ಜನ, ಆಟಕ್ಕೆ ಹತ್ತು. ಡಿಫೆನ್ಸ್‌ನ ಬೆನ್ನೆಲುಬೇ ಇಲ್ಲ. ಎದುರಿಗೆ 17 ವರ್ಷದ ಪೆಲೆ. ದ್ವಿತೀಯಾರ್ಧದಲ್ಲಿ ಆ ಹುಡುಗ ಮೂರು ಗೋಲು ಹೊಡೆದ. 2-5. ಜೊಂಕೆ ಕಾಲು ಮುರಿಯದೆ ಇದ್ದಿದ್ದರೆ ಅನ್ನುವ ಮಾತು ಫ್ರಾನ್ಸ್‌ನಲ್ಲಿ ಬಹಳ ಕಾಲ ನಡೆಯಿತು. ಆ ಬ್ರೆಜಿಲ್ ತಂಡವನ್ನು ನೋಡಿದರೆ, ಹನ್ನೊಂದು ಜನ ಗಟ್ಟಿಯಾಗಿದ್ದರೂ ಕಷ್ಟ ಇತ್ತು ಅಂತಲೇ ನನಗೆ ಅನಿಸುತ್ತದೆ.

ಮೂರನೇ ಸ್ಥಾನಕ್ಕೆ ಪಶ್ಚಿಮ ಜರ್ಮನಿ ವಿರುದ್ಧ ಪಂದ್ಯ. ಸೋತವರಿಬ್ಬರ ಪಂದ್ಯ ಅಂದರೆ ಉಪ್ಪಿಲ್ಲದ ಊಟ. ಆದರೆ ಫಾಂಟೇನ್‌ರ ಬಳಿ 9 ಗೋಲು ಇದ್ದವು. ಕೋಚಿಶ್ ದಾಖಲೆ 11. ಮೊದಲರ್ಧದಲ್ಲಿ ಎರಡು, ಕೊನೆಯ ಹದಿನೈದು ನಿಮಿಷದಲ್ಲಿ ಎರಡು. 6-3 ಗೆಲುವು, 13 ಗೋಲು. ಆ ಪಂದ್ಯದಲ್ಲಿ ಫ್ರಾನ್ಸ್‌ಗೆ ಒಂದು ಪೆನಾಲ್ಟಿಯೂ ಸಿಕ್ಕಿತ್ತು. ಅದನ್ನು ಹೊಡೆದದ್ದು ಕೋಪಾ. ದಾಖಲೆ ಬೆನ್ನು ಹತ್ತಿದವನಿಗೆ ಬಿಟ್ಟುಕೊಡೋಣ ಅನ್ನುವ ಲೆಕ್ಕಾಚಾರ ಆಗ ಇರಲಿಲ್ಲ. ಇದ್ದಿದ್ದರೆ 14 ಆಗುತ್ತಿತ್ತು.

ಚಿನ್ನದ ಬೂಟು? ವಿಶ್ವಕಪ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವನಿಗೆ ಅಂಥ ಬಹುಮಾನ ಶುರುವಾದದ್ದು 1982ರಲ್ಲಿ. ಫಾಂಟೇನ್‌ಗೆ ಸ್ವೀಡನ್‌ನ ಒಂದು ಪತ್ರಿಕೆ ಏರ್ ರೈಫಲ್ ಉಡುಗೊರೆ ಕೊಟ್ಟಿತು. ಗೋಲಿಗೆ ಗುರಿ ಇಟ್ಟವನಿಗೆ ಬಂದೂಕು! ಯುರೋಪಿನ ಶ್ರೇಷ್ಠ ಆಟಗಾರನಿಗೆ ಕೊಡುತ್ತಿದ್ದ ಬ್ಯಾಲನ್ ಡಿ ಓರ್ ಪ್ರಶಸ್ತಿ ಆ ವರ್ಷ ಕೋಪಾಗೆ ಹೋಯಿತು. ರಾನ್ ಎರಡನೆಯವರು. 13 ಹೊಡೆದವರು ಮೂರನೆಯವರು.

ಬೂಟಿನ ವಿಷಯ ಬಂದಾಗ ನಮ್ಮ ಕಡೆಯ ಒಂದು ನೆನಪು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಇದಕ್ಕೂ ಹತ್ತು ವರ್ಷ ಹಿಂದೆ, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ವಿರುದ್ಧ ಆಡಿತ್ತು. ನಮ್ಮವರಲ್ಲಿ ಹೆಚ್ಚಿನವರು ಆಡಿದ್ದು ಬರಿಗಾಲಲ್ಲಿ. ಕಡ ತರುವ ಪ್ರಶ್ನೆಯೇ ಇಲ್ಲ. ಫ್ರಾನ್ಸ್ 2-1ರಲ್ಲಿ ಗೆದ್ದಿತು, ಗೆಲುವಿನ ಗೋಲು ಬಂದದ್ದು ಕೊನೆ ಗಳಿಗೆಯಲ್ಲಿ. ಭಾರತ ಎರಡು ಪೆನಾಲ್ಟಿ ಕಳೆದುಕೊಂಡಿತ್ತು. ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್.

ಕಾಲು

ಮುಂದಿನ ಎರಡು ವರ್ಷ ಫಾಂಟೇನ್ ಹಿಡಿದದ್ದೆಲ್ಲ ಚಿನ್ನ. 1958-59ರ ಯುರೋಪಿಯನ್ ಕಪ್‌ನಲ್ಲಿ 10 ಗೋಲು ಹೊಡೆದು ಎಲ್ಲರಿಗಿಂತ ಮುಂದೆ ನಿಂತರು. ರೆಮ್ಸ್ ಫೈನಲ್ ತಲುಪಿತು. ಎದುರಿಗೆ ರಿಯಲ್ ಮ್ಯಾಡ್ರಿಡ್, ಅದರಲ್ಲಿ ಕೋಪಾ! 2-0ರಲ್ಲಿ ರಿಯಲ್ ಗೆದ್ದಿತು. ಆಮೇಲೆ ಕೋಪಾ ರೆಮ್ಸ್‌ಗೆ ಮರಳಿದರು. ಅಂತೂ ಜೋಡೆತ್ತು ಒಂದೇ ಗಾಡಿಗೆ ಬಂತು.

1960ರ ಮಾರ್ಚ್ 20. ಸೊಶೊ ವಿರುದ್ಧ ಲೀಗ್ ಪಂದ್ಯ. ಒಂದು ಟ್ಯಾಕಲ್‌ಗೆ ಫಾಂಟೇನ್‌ರ ಕಾಲು ಎರಡು ಕಡೆ ಮುರಿಯಿತು. ಆ ಋತುವಿನಲ್ಲಿ ಅಲ್ಲಿಯವರೆಗೆ 28 ಗೋಲು ಹೊಡೆದಿದ್ದರು. ಆಮೇಲೆ ಒಂದೂ ಪಂದ್ಯ ಆಡದೆಯೂ ಆ ವರ್ಷದ ಲೀಗ್‌ನ ಅತಿ ಹೆಚ್ಚು ಗೋಲು ಅವರದ್ದೇ.

ಮೊಣಕಾಲಿನ ಕೆಳಗೆ ಎರಡು ಮೂಳೆ. ಮುಂದಿನದು ದಪ್ಪ, ಮೈಭಾರ ಹೊರುವುದು ಅದೇ. ನಿಮ್ಮ ಕಣಕಾಲಿನ ಮುಂಭಾಗ ಮುಟ್ಟಿ ನೋಡಿ. ಚರ್ಮದ ಕೆಳಗೆ ನೇರ ಮೂಳೆಯೇ ಸಿಗುತ್ತದೆ, ಮಾಂಸ ಇಲ್ಲ. ಮಾಂಸ ಕಡಿಮೆ ಇರುವ ಕಡೆ ರಕ್ತದ ಓಡಾಟವೂ ಕಡಿಮೆ. ಹಾಗಾಗಿ ಅಲ್ಲಿ ಮುರಿದರೆ ಕೂಡಿಕೊಳ್ಳುವುದು ನಿಧಾನ. ಕೂಡಿದ ಮೇಲೂ ಪೂರ್ತಿ ಗಟ್ಟಿಯಾಗಲು ಸಮಯ ಬೇಕು. ದುಡಿಯುವ ಮನುಷ್ಯ ನಡೆಯಬಲ್ಲೆ ಅನ್ನಿಸಿದ ಕೂಡಲೇ ಕೆಲಸಕ್ಕೆ ಹೋಗಬಹುದು. ಸ್ಟ್ರೈಕರ್‌ನ ಕಾಲಿಗೆ ದಿನವೂ ಒದೆ ಬೀಳುತ್ತದೆ.

ವರ್ಷ ಮುಗಿಯುವ ಮೊದಲೇ ಫಾಂಟೇನ್ ಮೈದಾನಕ್ಕೆ ಮರಳಿದರು. ಡಿಸೆಂಬರ್‌ನಲ್ಲಿ ದೇಶದ ತಂಡಕ್ಕೂ ಆಡಿದರು. 1961ರ ಜನವರಿ 1, ಹೊಸ ವರ್ಷದ ದಿನ, ಅದೇ ಕಾಲು ಮತ್ತೆ ಮುರಿಯಿತು. ಅದರ ಮೇಲೂ ಒಂದೂವರೆ ವರ್ಷ ಒದ್ದಾಡಿದರು. 1962ರಲ್ಲಿ ಬೂಟು ಬಿಚ್ಚಿಟ್ಟಾಗ ವಯಸ್ಸು 28. ಫ್ರಾನ್ಸ್ ಪರ 21 ಪಂದ್ಯ, 30 ಗೋಲು. ಫ್ರೆಂಚ್ ಲೀಗ್‌ನಲ್ಲಿ 200 ಪಂದ್ಯ, 165 ಗೋಲು. ಇನ್ನೂ ಐದಾರು ವರ್ಷ ಆಡಿದ್ದರೆ ಅಂತ ಲೆಕ್ಕ ಹಾಕಲು ಹೊರಟರೆ ಹೊಟ್ಟೆ ಉರಿಯುತ್ತದೆ, ಬಿಡಿ.

ಮೂವತ್ತೈದರವರೆಗೆ ಜೀತ

ಹೆಚ್ಚಿನ ಬರಹಗಳು ಇಲ್ಲಿಗೆ ಮುಗಿದುಹೋಗುತ್ತವೆ. ನನ್ನ ಮಟ್ಟಿಗೆ ಫಾಂಟೇನ್ ಮಾಡಿದ ದೊಡ್ಡ ಕೆಲಸ ಇನ್ನೂ ಬಂದೇ ಇಲ್ಲ. ಅದಕ್ಕೆ ಆಗಿನ ಆಟಗಾರನ ಕರಾರು ಹೇಗಿತ್ತು ಅಂತ ತಿಳಿಯಬೇಕು.

ಈಗ ಆಟಗಾರ ಕ್ಲಬ್ ಜೊತೆ ಮೂರು ವರ್ಷಕ್ಕೋ ಐದು ವರ್ಷಕ್ಕೋ ಸಹಿ ಮಾಡುತ್ತಾನೆ. ಅವಧಿ ಮುಗಿದರೆ ಅವನು ಸ್ವತಂತ್ರ. ಬೇಕಾದ ಕಡೆ ಹೋಗಬಹುದು. ಆಗ ಫ್ರಾನ್ಸ್‌ನಲ್ಲಿ ವೃತ್ತಿಪರ ಆಟಗಾರನಾಗಿ ಒಮ್ಮೆ ಸಹಿ ಹಾಕಿದರೆ 35 ವರ್ಷ ವಯಸ್ಸಾಗುವವರೆಗೆ ಅವನು ಆ ಕ್ಲಬ್‌ನ ಸ್ವತ್ತು. ಇಪ್ಪತ್ತರಲ್ಲಿ ಸಹಿ ಹಾಕಿದವನಿಗೆ ಹದಿನೈದು ವರ್ಷ. ಅಂದರೆ ಅವನ ಇಡೀ ಆಟದ ಬದುಕು. ಬಿಟ್ಟು ಹೋಗುತ್ತೇನೆ ಅನ್ನುವ ಹಕ್ಕು ಅವನಿಗಿಲ್ಲ. ಕ್ಲಬ್ ಮಾತ್ರ ಅವನನ್ನು ಒಂದು ಮಾತೂ ಕೇಳದೆ ಇನ್ನೊಂದು ಕ್ಲಬ್‌ಗೆ ಮಾರಬಹುದಿತ್ತು. ಸಂತೆಯಲ್ಲಿ ಎತ್ತಿನ ಹಗ್ಗ ಕೈ ಬದಲಾಗುವ ಹಾಗೆ. ಹೊರಗೆ ಹೋಗುವ ದಾರಿ ಇಲ್ಲದವನು ಸಂಬಳ ಜಾಸ್ತಿ ಮಾಡಿ ಅಂತ ಯಾವ ಬಾಯಲ್ಲಿ ಕೇಳುತ್ತಾನೆ?

ಇದಕ್ಕೆ ಕ್ಲಬ್‌ಗಳ ವಾದವೂ ಇತ್ತು. ಹುಡುಗನನ್ನು ಬೆಳೆಸಿದ್ದು ನಾವು, ಖರ್ಚು ಮಾಡಿದ್ದು ನಾವು, ಆಟ ಕಲಿತ ಮೇಲೆ ಹಾರಿಹೋದರೆ ನಮ್ಮ ಗತಿ ಏನು ಅಂತ. ಆ ವಾದದಲ್ಲಿ ತಿರುಳಿಲ್ಲ ಅಂತಲ್ಲ. ಆದರೆ ಅದಕ್ಕೆ ಹದಿನೈದು ವರ್ಷದ ಬೇಲಿ ಬೇಕಿತ್ತೇ?

ಕ್ಯಾಮರೂನ್‌ನಿಂದ ಬಂದು ಸೇಂಟ್ ಎಟಿಯೆನ್ ಪರ ಆಡಿ ಹೆಸರು ಮಾಡಿದ್ದ ಯುಜೀನ್ ನ್ಜೊ ಲೇಯಾ ಎಂಬ ಫಾರ್ವರ್ಡ್ ಕಾನೂನು ಓದಿದವರು. ಈ ಕರಾರಿನ ಹುಳುಕು ಅವರಿಗೆ ಕಾಣಿಸದೇ ಇರಲು ಸಾಧ್ಯವಿರಲಿಲ್ಲ. ಅವರು, ಜಾಕ್ ಬೆರ್ತ್ರಾಂ ಎಂಬ ವಕೀಲರು, ಫಾಂಟೇನ್ ಮತ್ತು ಇನ್ನು ಕೆಲವರು ಸೇರಿ 1961ರ ನವೆಂಬರ್‌ನಲ್ಲಿ ಆಟಗಾರರ ಸಂಘ ಕಟ್ಟಿದರು. ಅದರ ಹೆಸರು ಯುಎನ್‌ಎಫ್‌ಪಿ. ಮೊದಲ ಅಧ್ಯಕ್ಷ ಫಾಂಟೇನ್. ಆ ಹೊತ್ತಿಗೆ ಅವರ ಕಾಲು ಎರಡು ಸಲ ಮುರಿದಿತ್ತು. ಸ್ವಂತಕ್ಕೆ ಇದರಿಂದ ಸಿಗುವುದು ಏನೂ ಉಳಿದಿರಲಿಲ್ಲ. ಆದರೆ ವಿಶ್ವಕಪ್‌ನಲ್ಲಿ 13 ಹೊಡೆದವನ ಹೆಸರು ಮುಂದಿದ್ದರೆ ಕ್ಲಬ್ ಮಾಲೀಕರು ಬಾಗಿಲು ಮುಚ್ಚುವ ಮುನ್ನ ಎರಡು ಸಲ ಯೋಚಿಸಬೇಕಾಗುತ್ತಿತ್ತು.

1963ರಲ್ಲಿ ಕೋಪಾ ಬಾಯಿಬಿಟ್ಟು ಹೇಳಿದರು: ಆಟಗಾರರು ಗುಲಾಮರು ಅಂತ. ಆ ಒಂದು ಮಾತಿಗೆ ಅವರ ಮೇಲೆ ಶಿಕ್ಷೆಯ ಕತ್ತಿ ತೂಗಿತು. ಸಂಘ ಪಟ್ಟು ಬಿಡಲಿಲ್ಲ. 1969ರಲ್ಲಿ ನಿಗದಿತ ಅವಧಿಯ ಕರಾರು ಬಂತು. ಕ್ಲಬ್‌ಗಳು ಅದನ್ನು ಹಿಂದಕ್ಕೆ ಎಳೆಯಲು ನೋಡಿದವು. 1972ರ ಡಿಸೆಂಬರ್‌ನಲ್ಲಿ ಆಟಗಾರರು ಮುಷ್ಕರ ಹೂಡಿದರು. 1973ರಲ್ಲಿ ಎರಡೂ ಕಡೆಯವರು ಕೂತು ಒಂದು ಒಪ್ಪಂದ ಬರೆದುಕೊಂಡರು. ಹನ್ನೆರಡು ವರ್ಷದ ಗುದ್ದಾಟ.

ಕೋಚ್ ಆಗಿ ಫಾಂಟೇನ್ ಬದುಕು ಏರಿಳಿತದ್ದು. 1967ರಲ್ಲಿ ಫ್ರಾನ್ಸ್ ತಂಡದ ಹೊಣೆ ಹೊತ್ತರು. ಎರಡು ಪಂದ್ಯ, ಎರಡೂ ಸೋಲು, ಮನೆಗೆ. ಪ್ಯಾರಿಸ್ ಸೇಂಟ್ ಜರ್ಮೇನ್ ಅಂದರೆ ಈಗ ಎಲ್ಲರಿಗೂ ಗೊತ್ತು. 1974ರಲ್ಲಿ ಆ ಕ್ಲಬ್ ಎರಡನೇ ದರ್ಜೆಯಿಂದ ಮೊದಲ ದರ್ಜೆಗೆ ಏರಿದಾಗ ಅಲ್ಲಿ ಇದ್ದವರು ಇವರೇ. ಆಮೇಲೆ ಹುಟ್ಟಿದ ನಾಡಿಗೆ ಹೋಗಿ ಮೊರಾಕೊ ತಂಡಕ್ಕೆ ಕೋಚ್ ಆದರು. 1980ರ ಆಫ್ರಿಕಾ ಕಪ್‌ನಲ್ಲಿ ಮೊರಾಕೊ ಮೂರನೇ ಸ್ಥಾನ ಪಡೆಯಿತು. ನೆಲೆ ನಿಂತದ್ದು ದಕ್ಷಿಣ ಫ್ರಾನ್ಸಿನ ಟುಲೂಸ್‌ನಲ್ಲಿ. ಅಲ್ಲಿ ಕ್ರೀಡಾ ಸಾಮಾನಿನ ಅಂಗಡಿ ನಡೆಸಿದರು. ಬೂಟಿಲ್ಲದೆ ಪರದಾಡಿದ್ದವರು ಬೂಟು ಮಾರುವವರಾದರು!

ಯುರೋಪಿನ ಫುಟ್‌ಬಾಲ್ ಒಕ್ಕೂಟಕ್ಕೆ 50 ವರ್ಷ ತುಂಬಿದಾಗ ಪ್ರತಿ ದೇಶವೂ ತನ್ನ ಒಬ್ಬ ಆಟಗಾರನ ಹೆಸರು ಕೊಡಬೇಕಿತ್ತು. ಆ 50 ವರ್ಷದಲ್ಲಿ ಆಡಿದ ಅತ್ಯುತ್ತಮ ಆಟಗಾರ ಯಾರು ಅಂತ. ಪ್ಲಾಟಿನಿ, ಜಿದಾನ್, ಕೋಪಾ ಎಲ್ಲ ಇದ್ದ ನಾಡು. ಫ್ರಾನ್ಸಿನ ಫೆಡರೇಷನ್ ಕೊಟ್ಟ ಹೆಸರು ಜುಸ್ಟ್ ಫಾಂಟೇನ್.

2022ರ ಡಿಸೆಂಬರ್ 14ರಂದು ಕತಾರ್‌ನಲ್ಲಿ ವಿಶ್ವಕಪ್ ಸೆಮಿಫೈನಲ್. ಫ್ರಾನ್ಸ್ ವಿರುದ್ಧ ಮೊರಾಕೊ. ಫಾಂಟೇನ್ ಹುಟ್ಟಿದ ನಾಡು ಒಂದು ಕಡೆ, ಆಡಿದ ನಾಡು ಇನ್ನೊಂದು ಕಡೆ. ಫ್ರಾನ್ಸ್ 2-0ರಲ್ಲಿ ಗೆದ್ದಿತು. ಎರಡೂವರೆ ತಿಂಗಳ ನಂತರ, 2023ರ ಮಾರ್ಚ್ 1ರಂದು, ಟುಲೂಸ್‌ನಲ್ಲಿ ಫಾಂಟೇನ್ ತೀರಿಕೊಂಡರು. 89 ವರ್ಷ ಆಗಿತ್ತು.

ಫ್ರೆಂಚ್ ಲೀಗ್‌ನಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಪ್ರಶಸ್ತಿ ಒಂದಿದೆ. ಕೊಡುವುದು ಲೀಗ್ ಅಲ್ಲ, ಆಟಗಾರರ ಸಂಘವೇ. ಅದೇ ಯುಎನ್‌ಎಫ್‌ಪಿ. ಆ ವರ್ಷದ ಮೇ ತಿಂಗಳಲ್ಲಿ ಅದನ್ನು ಪಡೆದವರು ಎಂಬಪ್ಪೆ. ಅಷ್ಟು ಹೊತ್ತಿಗೆ ಅವರು ಎರಡು ವಿಶ್ವಕಪ್ ಆಡಿದ್ದರು. 14 ಪಂದ್ಯ, 12 ಗೋಲು.